ಎಂಟು ಬೆರಳಿನ ಹಾಡು

ಉರಾನಾಯ್ ಪಟ್ಟಣದ ಪುರಸಭೆಯಿಂದ ಆ ಪತ್ರ ಬಂದ ದಿನ ಶಿನೋ ಏನನ್ನೂ ಒಡೆಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಸುಮಾರು ಮೂವತ್ತು ವರ್ಷ ಅವಳ ಬೆನ್ನ ಹಿಂದೆ ಕೂತು ಡ್ರಮ್ ಬಾರಿಸಿದವಳು ನಾನು. ಸಿಟ್ಟು ಬಂದರೆ ಅವಳು ಮೈಕಿನ ಸ್ಟ್ಯಾಂಡು ಒದೆಯುತ್ತಾಳೆ, ನೀರಿನ ಬಾಟಲಿ ಗೋಡೆಗೆ ಎಸೆಯುತ್ತಾಳೆ, ಐದು ನಿಮಿಷ ಬಿಟ್ಟು ಒರೆಸಲು ತಾನೇ ಬಟ್ಟೆ ಹುಡುಕುತ್ತಾಳೆ. ಅವತ್ತು ಪತ್ರವನ್ನು ಎರಡು ಸಲ ಓದಿ, ಮಡಿಕೆ ತಪ್ಪದಂತೆ ಮಡಚಿ, ನನ್ನ ಮುಂದಿನ ಡ್ರಮ್ಮಿನ ಮೇಲಿಟ್ಟಳು.

“ಓದು, ನತ್ಸು. ಜೋರಾಗಿ ಓದು. ನಾನು ಸರಿಯಾಗಿ ಓದಿದೀನೋ ಇಲ್ವೋ ನೋಡೋಣ.”

ಓದಿದೆ. ಹಿಮ ಕರಗುವ ಈ ಕಾಲದಲ್ಲಿ ತಾವು ಕುಶಲವೆಂದು ನಂಬಿದ್ದೇವೆ ಎಂದು ಶುರುವಾಗಿತ್ತು. ಊರಿನ ಹೆಮ್ಮೆಯ ಮಗಳಾದ ಹಿರಾನುಮಾ ಶಿನೋ ಅವರ ‘ಬೆಚ್ಚನೆಯ ಕೈ’ ಹಾಡಿನ ರಾಗವನ್ನು ಇನ್ನು ಮುಂದೆ ಪ್ರತಿದಿನ ಸಂಜೆ ಐದು ಗಂಟೆಗೆ, ಈಗಿನ ಹಳೆಯ ರಾಗದ ಬದಲು, ಊರಿನ ಕಂಬಗಳ ಮೇಲಿನ ಎಲ್ಲ ಲೌಡ್‌ಸ್ಪೀಕರುಗಳಲ್ಲಿ ನುಡಿಸಲು ತೀರ್ಮಾನಿಸಲಾಗಿದೆ. ಮೇ ತಿಂಗಳ ಎರಡನೆಯ ಭಾನುವಾರ, ತಾಯಂದಿರ ದಿನ, ಬಂದರಿನ ಮೈದಾನದಲ್ಲಿ ಉದ್ಘಾಟನೆ. ತಾವೇ ಬಂದು ಹಾಡಬೇಕು. ಆ ಮೊದಲ ದಿನ ತಮ್ಮ ದನಿ ನೇರವಾಗಿ ಊರಿನ ಪ್ರತಿ ಮನೆಗೂ ಕೇಳುವಂತೆ ಏರ್ಪಾಡು ಮಾಡಲಾಗುವುದು. ಕೊನೆಯ ಸಾಲು ಹೀಗಿತ್ತು: ಎಪ್ಪತ್ತನೆಯ ವರ್ಷ ಆಚರಿಸುತ್ತಿರುವ ಕಾಜಿಟಾನಿ ಮೀನು ಕಾರ್ಖಾನೆ ಈ ಕಾರ್ಯಕ್ರಮದ ಪ್ರಾಯೋಜಕರು.

“ಕಾಜಿಟಾನಿ,” ಅಂದೆ.

“ಹೂಂ. ಕಾಜಿಟಾನಿ,” ಅಂದಳು ಶಿನೋ. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದಳು.

ಶಿನೋಗೆ ಹನ್ನೊಂದು ವರ್ಷವಾಗಿದ್ದಾಗ ಅವಳ ಅಮ್ಮ ಫುಮಿ, ಮೀನನ್ನು ಡಬ್ಬಿಗೆ ತುಂಬುವ ಆ ಕಾರ್ಖಾನೆಯಲ್ಲಿ ಬಂಗುಡೆಯ ತಲೆ ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಬ್ಲೇಡಿನ ಮೇಲೆ ಕಬ್ಬಿಣದ ಮರೆಯೊಂದು ಇರಬೇಕಿತ್ತು. ಮೀನು ಜೋರಾಗಿ ಬೀಳುವ ದಿನಗಳಲ್ಲಿ ಕೆಲಸ ಬೇಗ ಸಾಗಲೆಂದು ಮೇಸ್ತ್ರಿಯೇ ಅದನ್ನು ಬಿಚ್ಚಿಸಿಡುತ್ತಿದ್ದ. ಅಕ್ಟೋಬರಿನ ಒಂದು ಬೆಳಿಗ್ಗೆ ಫುಮಿಯ ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಹೋದವು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಮಂಚದ ಬಳಿ ಕಾಗದವೊಂದು ಬಂತು. ‘ನನ್ನ ಅಜಾಗರೂಕತೆಯಿಂದ’ ಎಂದು ಶುರುವಾಗುವ ಕಾಗದ. ಸಹಿಯ ಬದಲು ಅದಕ್ಕೆ ಒತ್ತಲು ಫುಮಿಯ ಹೆಸರಿನ ಮುದ್ರೆ ಬೇಕಿತ್ತು. ಮೇಸ್ತ್ರಿ ಶಾಲೆಗೆ ಬಂದು ಶಿನೋಳನ್ನು ಕರೆದು, “ಓಡು ಮಗು, ಅಮ್ಮನ ಮುದ್ರೆ ಎಲ್ಲಿದೆ ನೋಡಿ ತಗೊಂಡ್ಬಾ, ಅಮ್ಮನಿಗೆ ಒಳ್ಳೇದಾಗತ್ತೆ,” ಎಂದಿದ್ದ. ಅವಳು ಓಡಿದ್ದಳು. ಕಪಾಟಿನ ಎರಡನೆಯ ಖಾನೆಯಿಂದ ಮುದ್ರೆ ತೆಗೆದು, ದಾರಿಯಲ್ಲಿ ಒಮ್ಮೆ ಬಿದ್ದು, ಮಂಡಿ ತರಚಿಕೊಂಡು, ಆಸ್ಪತ್ರೆಗೆ ಓಡಿದ್ದಳು. ಮೇಸ್ತ್ರಿಯೇ ಮುದ್ರೆ ಒತ್ತಿದ. ಫುಮಿಗೆ ಆಗ ಎಚ್ಚರವಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ನಾವು ಸಪ್ಪೊರೊದಲ್ಲಿ ಬ್ಯಾಂಡು ಕಟ್ಟಿದ ಮೊದಲ ವರ್ಷ ಇದನ್ನೆಲ್ಲ ಅವಳು ನನಗೆ ಹೇಳಿದ್ದು ಒಂದೇ ಸಲ, ಗೋಡೆಯ ಕಡೆ ತಿರುಗಿಕೊಂಡು. ಮಾರನೆಯ ವಾರ ಹಾಡು ತಂದಳು. ಅದರ ಹೆಸರು ‘ಎಂಟು ಬೆರಳು’. ಮೊದಲ ಎರಡು ಚರಣಗಳಲ್ಲಿ ಅಮ್ಮನ ಕೈ ಏನೇನು ಮಾಡುತ್ತಿತ್ತು ಎಂಬುದಿತ್ತು. ಮೂರನೆಯದು ಬಂದಾಗ ಬೇಸ್ ನುಡಿಸುವ ಓಗಾತಾ ಕೈ ನಿಲ್ಲಿಸಿ ಅವಳ ಮುಖ ನೋಡಿದ.

ಎಂಟೇ ಬೆರಳಲ್ಲಿ ಅನ್ನದುಂಡೆ ಕಟ್ಟಿದಳಮ್ಮ,
ಉಳಿದೆರಡು ಯಾರ ಡಬ್ಬಿಯೊಳಗೆ ಹೋದವು?
ಮುಚ್ಚಳ ತೆಗೆ ಯಜಮಾನ, ಮುಚ್ಚಳ ತೆಗೆ,
ನನ್ನಮ್ಮನದನ್ನು ನನ್ನಮ್ಮನಿಗೆ ಕೊಡು.

ನಾಲ್ಕು ವರ್ಷ ಸಣ್ಣ ಸಣ್ಣ ಹಾಲುಗಳಲ್ಲಿ ಇದನ್ನು ನುಡಿಸಿದೆವು. ಆಮೇಲೆ ಟೋಕಿಯೋದ ಕಂಪನಿಯೊಂದು ನಮ್ಮನ್ನು ಕರೆಯಿತು. ನಮ್ಮನ್ನು ನೋಡಿಕೊಳ್ಳುತ್ತಿದ್ದ ನಿರ್ಮಾಪಕ ಮುಗುರುಮಾ ನಯವಾದ ಮನುಷ್ಯ, ಎಂದೂ ದನಿ ಏರಿಸಿದವನಲ್ಲ.

“ರಾಗ ಚಿನ್ನ,” ಅಂದ. “ಆದ್ರೆ ಶಿನೋ, ಬೆರಳು ಕತ್ತರಿಸಿದ ಹಾಡನ್ನ ಊಟದ ಹೊತ್ತಲ್ಲಿ ಯಾರು ಕೇಳ್ತಾರೆ? ಮೂರನೇ ಚರಣ ಬಿಡಿ. ಹೆಸರು ‘ಬೆಚ್ಚನೆಯ ಕೈ’ ಅಂತಿಡೋಣ. ತಾಯಂದಿರ ದಿನಕ್ಕೆ ಬಿಡುಗಡೆ ಮಾಡೋಣ. ಇಡೀ ದೇಶ ಅಳತ್ತೆ.”

ಶಿನೋ ನನ್ನ ಕಡೆ ನೋಡಿದಳು. ಆಗ ಅವಳಿಗೆ ಇಪ್ಪತ್ತನಾಲ್ಕು, ನನಗೆ ಇಪ್ಪತ್ತೈದು. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಬೇಡ ಅನ್ನು ಅಂತ ಕೇಳುತ್ತಿತ್ತು ಅದು. ನಾನು ಏನಂದೆ ಗೊತ್ತೇ? “ಇದೊಂದ್ಸಲ ಹೂಂ ಅಂದ್ಬಿಡೆ. ಆಮೇಲೆ ನಮಗೆ ಬೇಕಾದ್ದು ಮಾಡೋಣ.”

ಇಡೀ ದೇಶ ಅತ್ತಿತು. ಮದುವೆ ಮನೆಗಳಲ್ಲಿ ವಧುಗಳು ತಾಯಂದಿರ ಕೈ ಹಿಡಿದುಕೊಂಡು ಇದನ್ನು ಹಾಕಿಸಿದರು. ಶಾಲೆಗಳಲ್ಲಿ ಮಕ್ಕಳ ತಂಡಗಳು ಹಾಡಿದವು. ಕೈಗೆ ಹಚ್ಚುವ ಕ್ರೀಮಿನ ಜಾಹೀರಾತಿಗೆ ಬಂತು. ಶಿನೋ ಆಮೇಲೆ ಬರೆದ, ಗಂಟಲು ಹರಿಯುವಂತೆ ಕಿರುಚಿ ಹಾಡಿದ ‘ಬಾಗಿಲು ಮುರಿ’, ‘ಉಪ್ಪುನೀರಿನ ಹುಡುಗಿ’ ಹಾಡುಗಳೂ ಹೆಸರು ಮಾಡಿದವು. ಹುಡುಗಿಯರು ಅವಳಂತೆ ಕೂದಲು ಕತ್ತರಿಸಿಕೊಂಡರು. ಆದರೆ ಯಾವ ಊರಿಗೆ ಹೋದರೂ ಕೊನೆಯಲ್ಲಿ ಜನ ಕೇಳುತ್ತಿದ್ದದ್ದು ಅದನ್ನೇ. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಭಾವುಕಳಾಗಿದ್ದಾಳೆ ಎಂದು ಪತ್ರಿಕೆಗಳು ಬರೆದವು. ಹಿಂದೆ ಕೂತ ನನಗೆ ಅವಳ ದವಡೆ ಬಿಗಿಯುವುದು ಕಾಣುತ್ತಿತ್ತು.

ಫುಮಿ ಮಾತ್ರ ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ನಾವು ಮೂವರೂ ಉರಾನಾಯ್ ತಲುಪಿದೆವು. ಓಗಾತಾ ಸಾಮಾನಿನ ಜೊತೆ ವಸತಿಗೃಹಕ್ಕೆ ಹೋದ. ಶಿನೋ ನನ್ನನ್ನು ಎಳೆದುಕೊಂಡು ಅಮ್ಮನ ಮನೆಗೆ ನಡೆದಳು. ಒಬ್ಬಳೇ ಹೋಗುವ ಧೈರ್ಯ ಅವಳಿಗಿರಲಿಲ್ಲ. ಮೇ ತಿಂಗಳಾದರೂ ಒಳಗೆ ಸೀಮೆಎಣ್ಣೆ ಸ್ಟೌ ಉರಿಯುತ್ತಿತ್ತು. ಎಪ್ಪತ್ಮೂರರ ಫುಮಿ ಅದರ ಪಕ್ಕ ಕೂತು ಮೂಲಂಗಿ ಹೆಚ್ಚುತ್ತಿದ್ದಳು. ಎಡಗೈಯ ಮೂರು ಬೆರಳುಗಳಲ್ಲಿ ಮೂಲಂಗಿ ಅಲುಗದಂತೆ ಹಿಡಿದಿದ್ದಳು.

“ಬಂದ್ರಾ. ಕೂತ್ಕೊಳ್ಳಿ. ನತ್ಸು, ನೀನು ದಪ್ಪ ಆಗಿದೀಯ.”

“ಹೂಂ ಅಮ್ಮಾ, ಆಗಿದೀನಿ.”

“ಒಳ್ಳೇದು. ಇವಳು ನೋಡು, ಕಡ್ಡಿ.”

ಚಹಾ ಬಂತು. ಫುಮಿ ಮತ್ತೆ ಮೂಲಂಗಿ ಹೆಚ್ಚತೊಡಗಿದಳು. ಕೊನೆಗೆ ಶಿನೋ, “ಅಮ್ಮಾ, ನಾಳೆ ಬರ್ತೀಯ?” ಎಂದಳು.

“ಎಲ್ಲಿಗೆ?”

“ಗೊತ್ತಿಲ್ದೇ ಇರೋ ಹಾಗೆ ಆಡ್ಬೇಡ.”

ಫುಮಿ ಚಾಕು ಕೆಳಗಿಟ್ಟಳು. “ಬರಲ್ಲ. ನಾನ್ಯಾಕೆ ಬರ್ಬೇಕು? ನಾಳೆಯಿಂದ ದಿನಾ ಐದು ಗಂಟೆಗೆ ಅದೇ ನನ್ನ ಮನೆಗೆ ಬರತ್ತಲ್ಲ. ಕಿಟಕಿ ಮುಂದಿನ ಕಂಬದಲ್ಲೇ ಕೂಗತ್ತೆ. ಸಾಯೋ ತನಕ ಕೇಳ್ತೀನಿ.”

“ಹಾಡು ನಿನ್ನ ಬಗ್ಗೆ ಅಮ್ಮಾ!”

“ನನ್ನ ಬಗ್ಗೆನಾ?” ಫುಮಿ ಎಡಗೈಯನ್ನು ಮಗಳ ಮುಖದ ಮುಂದೆ ಹಿಡಿದಳು. ಮುಟ್ಟುವಷ್ಟು ಹತ್ತಿರ. “ಎಣಿಸು. ನಿನ್ನ ಹಾಡಲ್ಲಿ ನನಗೆ ಹತ್ತು ಬೆರಳಿದಾವೆ ಕಣೆ. ಬೆಚ್ಚಗಿದೆಯಂತೆ, ಮೃದುವಾಗಿದೆಯಂತೆ. ಯಾರದೋ ಕೈ ಅದು. ಸೂಪರ್ ಮಾರ್ಕೆಟ್ಟಲ್ಲಿ ಹೆಂಗಸ್ರು ನನ್ನ ನಿಲ್ಲಿಸ್ಕೊಂಡು ‘ಎಂಥ ಮಗಳಮ್ಮ ನಿಮಗೆ’ ಅಂತಾರೆ. ನಾನು ಕೈ ಜೇಬಲ್ಲಿ ಇಟ್ಕೊಂಡು ಹೂಂ ಹೂಂ ಅಂತೀನಿ. ಇಪ್ಪತ್ತೈದು ವರ್ಷದಿಂದ! ಕಾಜಿಟಾನಿ ನನ್ನ ಬಾಯಿ ಮುಚ್ಚಿಸಿದ್ದು ಒಂದೇ ಸಲ. ನೀನು ಪ್ರತಿ ವರ್ಷ ಮುಚ್ಚಿಸ್ತೀಯ.”

“ನನಗಾಗ ಇಪ್ಪತ್ನಾಲ್ಕು ವರ್ಷ. ಅವರು ಕೇಳಿದ್ರು, ನಾನು…”

“ಮುದ್ರೆ ತಂದಾಗ ನಿನಗೆ ಹನ್ನೊಂದು. ಅದಕ್ಕೆ ನಿನ್ನ ಒಂದು ಮಾತು ಅಂದಿಲ್ಲ. ಮಗು ಅದು, ಏನು ಗೊತ್ತಾಗತ್ತೆ. ಇಪ್ಪತ್ನಾಲ್ಕಕ್ಕೆ ನೀನು ಮಗು ಅಲ್ಲ.”

“ಅಮ್ಮಾ, ತಪ್ಪು ನನ್ನದು,” ಎಂದೆ ನಾನು. “ಹೂಂ ಅನ್ನು ಅಂತ ಅವಳಿಗೆ ಹೇಳಿದ್ದು ನಾನು.”

ಫುಮಿ ನನ್ನ ಕಡೆ ತಿರುಗಿದಳು. “ಹಾಗಾದ್ರೆ ನೀನೂ ಎದ್ದು ಹೋಗು. ಚಹಾ ಕುಡಿದಾಯ್ತಲ್ಲ.”

ಹೊರಗೆ ಬಂದೆವು. ಶಿನೋ ರಸ್ತೆಯ ಬದಿ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅವಳು ಒಂದು ಕಲ್ಲು ಎತ್ತಿ ಚರಂಡಿಯ ಕಬ್ಬಿಣದ ಮುಚ್ಚಳಕ್ಕೆ ಹೊಡೆದಳು, ಇನ್ನೊಮ್ಮೆ ಹೊಡೆದಳು.

“ಒಂದು ಮಾತಾದ್ರೂ ಸುಳ್ಳಾ ಹೇಳು. ಒಂದಾದ್ರೂ ಸುಳ್ಳಿದ್ದಿದ್ರೆ ಜಗಳ ಆಡ್ಬಹುದಿತ್ತು.” ಕಲ್ಲು ಎಸೆದು ಎದ್ದಳು. “ನಾಳೆ ಮೂರನೇ ಚರಣ ಇದೆ.”

“ಇದೆ,” ಎಂದೆ.

ವಸತಿಗೃಹದಲ್ಲಿ ಓಗಾತಾನಿಗೆ ಹೇಳಿದರೆ ಅವನು ನೂಡಲ್ಸ್ ಬಟ್ಟಲಿನಿಂದ ಮುಖ ಎತ್ತಲಿಲ್ಲ. “ಸ್ವರ ನೆನಪಿದೆ,” ಎಂದ. “ನಾನೇನು ಮರೆತಿದ್ನಾ?”

ಮಾರನೆಯ ದಿನ ಬಂದರಿನ ಮೈದಾನದಲ್ಲಿ ಗಾಳಿ ಜೋರಾಗಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಕೆಂಪು ಬಿಳಿ ಪರದೆ, ಸುಟ್ಟ ಸ್ಕ್ವಿಡ್‌ನ ವಾಸನೆ. ಕಾರ್ಖಾನೆಯ ಹಳೆಯ ಕೆಲಸಗಾರ ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಒಬ್ಬೊಬ್ಬರ ಕೈಗೂ ಒಂದೊಂದು ಕೆಂಪು ಕಾರ್ನೇಷನ್ ಹೂವು ಕೊಟ್ಟಿದ್ದರು. ಈಗಿನ ಯಜಮಾನ, ಹಳೆಯ ಕಾಜಿಟಾನಿಯ ಮಗ, ಐವತ್ತೈದರ ಆಸುಪಾಸಿನವನು, ನಮಗೆ ಸೊಂಟ ಬಗ್ಗಿಸಿ ವಂದಿಸಿದ.

“ಹಿರಾನುಮಾ ಅವ್ರೇ, ನಿಮ್ಮ ತಾಯಿಯವರು ನಮ್ಮಲ್ಲೇ ಕೆಲಸ ಮಾಡಿದ್ರಂತೆ. ನಮ್ಮ ಕುಟುಂಬದವರೇ ಅಂದಹಾಗಾಯ್ತು. ನನ್ನ ಭಾಷಣದಲ್ಲಿ ಆ ಮಾತು ಹೇಳ್ಬಹುದಾ?”

“ಹೇಳಿ,” ಎಂದಳು ಶಿನೋ.

ಅವನು ಹೇಳಿದ. ಚೆನ್ನಾಗಿಯೇ ಹೇಳಿದ. ಕಾರ್ಖಾನೆಯ ತಾಯಂದಿರ ಕೈಗಳೇ ಈ ಊರನ್ನು ಕಟ್ಟಿದವು ಎಂದ. ಜನ ಚಪ್ಪಾಳೆ ತಟ್ಟಿದರು. ಸರಿಯಾಗಿ ಐದಕ್ಕೆ ಪುರಸಭೆಯ ಕಚೇರಿಯಿಂದ ಗಂಟೆಯ ದನಿ ಎಲ್ಲ ಕಂಬಗಳಲ್ಲಿ ಮೊಳಗಿತು, ನಾವು ಶುರು ಮಾಡಿದೆವು.

ಮೊದಲ ಎರಡು ಚರಣ ಎಲ್ಲರಿಗೂ ಬಾಯಿಪಾಠ. ಜನ ತೂಗಾಡಿಕೊಂಡು ಜೊತೆಗೆ ಹಾಡಿದರು. ಎರಡನೆಯದು ಮುಗಿಯಿತು. ರೆಕಾರ್ಡಿನಲ್ಲಿ ಇಲ್ಲಿ ಗಿಟಾರ್ ಮೆಲ್ಲಗೆ ಇಳಿದು ನಿಲ್ಲುತ್ತದೆ. ಶಿನೋ ಇಳಿಸಲಿಲ್ಲ. ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಕಾಲಿನ ಪೆಡಲನ್ನು ಮೆಟ್ಟಿದೆ. ಇಪ್ಪತ್ತೈದು ವರ್ಷ ಮೆಲ್ಲಗೆ ಬಾರಿಸಿದ ಹಾಡನ್ನು ಕೈ ಸೋಲುವಷ್ಟು ಜೋರಾಗಿ ಬಾರಿಸಿದೆ.

‘ಉಳಿದೆರಡು ಯಾರ ಡಬ್ಬಿಯೊಳಗೆ ಹೋದವು’ ಎನ್ನುವಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ‘ಮುಚ್ಚಳ ತೆಗೆ ಯಜಮಾನ’ ಎಂದಾಗ ಕಾಜಿಟಾನಿ ಕುರ್ಚಿಯಿಂದ ಎದ್ದ. ಅವನು ಕೈ ಬೀಸಿದ್ದೇ ತಡ, ವೇದಿಕೆಯ ಸ್ಪೀಕರುಗಳೆಲ್ಲ ಸತ್ತವು. ಶಿನೋಳ ದನಿ ಗಾಳಿಯಲ್ಲಿ ತೆಳ್ಳಗಾಯಿತು. ಆದರೆ ಕಂಬಗಳಿಗೆ ದನಿ ಒಯ್ಯುವ ತಂತಿ ಬೇರೆ, ಅದರ ಸ್ವಿಚ್ಚು ಇದ್ದದ್ದು ಪುರಸಭೆಯ ಕಚೇರಿಯಲ್ಲಿ. ಅಲ್ಲಿನ ಗುಮಾಸ್ತನಿಗೆ ಇಲ್ಲಿ ಏನಾಗುತ್ತಿದೆಯೆಂದು ಗೊತ್ತಿರಲಿಲ್ಲ. ಒಂದು ಕ್ಷಣ ಬಿಟ್ಟು ಅವಳ ದನಿ ಗುಡ್ಡದ ಕಡೆಯಿಂದ ಬಂತು, ಶಾಲೆಯ ಕಡೆಯಿಂದ ಬಂತು, ಕಾರ್ಖಾನೆಯ ಛಾವಣಿಯ ಮೇಲಿದ್ದ ಸ್ಪೀಕರಿನಿಂದಲೂ ಬಂತು. ನನ್ನಮ್ಮನದನ್ನು ನನ್ನಮ್ಮನಿಗೆ ಕೊಡು. ಅವಳು ಚರಣವನ್ನು ಮೂರು ಸಲ ಹಾಡಿದಳು. ಮೂರನೆಯ ಸಲ ನಡುವೆ ಯಾರೋ ಕಚೇರಿಗೆ ಓಡಿ ಮುಟ್ಟಿದ್ದಿರಬೇಕು, ಕಂಬಗಳೂ ಸುಮ್ಮನಾದವು. ಅವಳು ಬರಿಗಂಟಲಲ್ಲಿ ಮುಗಿಸಿದಳು.

ಚಪ್ಪಾಳೆ ಬೀಳಲಿಲ್ಲ. ಒಬ್ಬ ಹೆಂಗಸು “ಮಕ್ಕಳ ಮುಂದೆ ಇದೇನು ಅಸಹ್ಯ!” ಎಂದು ಕೂಗಿ ಮಗುವನ್ನು ಎಳೆದುಕೊಂಡು ಹೋದಳು. ಮುಂದಿನ ಸಾಲಿನ ಒಬ್ಬ ಮುದುಕಿ ಹೂವನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ನಿಂತಳು, ನಿಂತೇ ಇದ್ದಳು. ಕಾಜಿಟಾನಿ ಮೈಕಿಗೆ ಬಾಯಿ ಹಚ್ಚಿ, ಕಲಾವಿದರು ಸ್ವಲ್ಪ ಭಾವುಕರು ಎಂದೇನೋ ಕ್ಷಮೆ ಕೇಳತೊಡಗಿದ. ಆ ಮೈಕೂ ಸತ್ತಿರುವುದು ಅವನಿಗೆ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು.

ಪರದೆಯ ಹಿಂದೆ ಅವನು ನಮ್ಮನ್ನು ಹಿಡಿದ. ಮುಖ ಕೆಂಪಗಾಗಿತ್ತು.

“ಗೌರವ ಮಾಡೋಣ ಅಂತ ಕರೆದ್ರೆ ಮುಖಕ್ಕೆ ಮಸಿ ಬಳಿದ್ರಲ್ಲ! ನಮ್ಮಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಸತ್ತೋರ ಬಗ್ಗೆ ಹೀಗಾ ಮಾತಾಡೋದು?”

“ನಿಮ್ಮಪ್ಪನ ಹೆಸರು ನಾನೆಲ್ಲಿ ಎತ್ತಿದೆ?” ಎಂದಳು ಶಿನೋ. “ನೀವೇ ಎತ್ತಿದ್ದು.”

“ಆ ಕಾಲದಲ್ಲಿ ಏನಾಯ್ತೋ ನನಗೇನು ಗೊತ್ತು? ನಾನಾಗ ಓದ್ತಾ ಇದ್ದೆ.”

“ಎಪ್ಪತ್ತು ವರ್ಷದ ಹೆಸರು ಬೇಕು, ಎಪ್ಪತ್ತು ವರ್ಷದಲ್ಲಿ ಆಗಿದ್ದು ಬೇಡ. ಅಲ್ವಾ?”

ಆಗ ಸೈಕಲ್ ಬೆಲ್ಲು ಕೇಳಿತು. ಫುಮಿ ಏಪ್ರನ್ ಕೂಡ ಬಿಚ್ಚದೆ ಬಂದಿದ್ದಳು. ಸೈಕಲನ್ನು ಕೆಂಪು ಬಿಳಿ ಪರದೆಗೇ ಒರಗಿಸಿದಳು. ಏದುಸಿರು ಬಿಡುತ್ತಿದ್ದಳು. ಮಗಳ ಕಡೆ ನೋಡಲೂ ಇಲ್ಲ, ನೇರ ಕಾಜಿಟಾನಿಯ ಮುಂದೆ ಬಂದು ನಿಂತಳು.

“ನಿಮ್ಮ ಮೇಸ್ತ್ರಿ ನನ್ನ ಮುದ್ರೆ ಒತ್ತಿಸ್ಕೊಂಡ ಕಾಗದ ಇದೆಯಲ್ಲ. ಅದನ್ನ ಕೊಡು.”

“ಅಜ್ಜೀ, ಅದೆಲ್ಲ ಹಳೇ ಕಥೆ…”

“ನನ್ನ ಬೆರಳೂ ಹಳೇದೇ. ಅದು ಕೊಡೋಕಾಗಲ್ಲ, ಗೊತ್ತು. ಕಾಗದ ಕೊಡು. ‘ನನ್ನ ಅಜಾಗರೂಕತೆ’ ಅಂತ ಬರ್ಕೊಂಡಿದೀರಲ್ಲ, ಅದನ್ನ ಹೊಡೆದು ಹಾಕಿ, ಮರೆ ಬಿಚ್ಚಿಸಿದ್ದು ಯಾರು ಅಂತ ಬರಿ. ನಿನ್ನ ಮುದ್ರೆ ಒತ್ತು. ಮುದ್ರೆ ಮನೇಲಿದ್ರೆ ತರೋಕೆ ಯಾವ ಮಗೂನೂ ಓಡಿಸ್ಬೇಡ, ನೀನೇ ಹೋಗು.”

ಅವನು ನೋಡೋಣ, ವಿಚಾರಿಸೋಣ ಎಂದ. ಅವನ ಜನ ಅವನನ್ನು ಕಾರಿನ ಕಡೆ ಕರೆದೊಯ್ದರು. ಫುಮಿ ಆಗ ಮಗಳ ಕಡೆ ತಿರುಗಿದಳು. ಈಗ ಅಪ್ಪಿಕೊಳ್ಳುತ್ತಾಳೆ ಎಂದು ನಾನು ಮೂರ್ಖಳಂತೆ ಕಾದೆ.

“ಅಷ್ಟು ವರ್ಷ ಇದನ್ನ ಇಟ್ಕೊಂಡು ಏನು ಮಾಡ್ತಿದ್ದೆ?” ಎಂದಳು. ಸಿಟ್ಟಿನಿಂದಲೇ ಅಂದಳು. “ನನಗಾದ್ರೂ ಒಂದ್ಸಲ ಹಾಡಿ ತೋರಿಸ್ಬಹುದಿತ್ತಲ್ಲ!”

ಹಾಗೊಂದು ಚರಣ ಇದೆಯೆಂದೇ ಫುಮಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ಹಾಡು ಹುಟ್ಟಿದಾಗಿನಿಂದ ಹಾಗೇ ಇತ್ತು, ಮಗಳು ನಾಚಿಕೆಪಟ್ಟು ತನ್ನನ್ನು ಹತ್ತು ಬೆರಳಿನವಳನ್ನಾಗಿ ಮಾಡಿದ್ದಾಳೆ ಎಂದುಕೊಂಡೇ ಅವಳು ಬದುಕಿದ್ದಳು.

ಪುರಸಭೆ ಆ ಹಾಡನ್ನು ಕೈಬಿಟ್ಟಿತು. ಐದು ಗಂಟೆಗೆ ಮತ್ತೆ ಹಳೆಯ ರಾಗವೇ ಶುರುವಾಯಿತು. ಆ ಬೇಸಿಗೆಯ ನಮ್ಮ ಮೂರು ಕಾರ್ಯಕ್ರಮಗಳನ್ನು ಆಯೋಜಕರು ‘ಕಾರಣಾಂತರಗಳಿಂದ’ ರದ್ದುಮಾಡಿದರು. ಮುಗುರುಮಾ ಫೋನು ಮಾಡಿ, ಎಂದಿನ ನಯವಾದ ದನಿಯಲ್ಲಿ, ಜನರ ನೆನಪುಗಳನ್ನು ಹಾಳು ಮಾಡಿದಿರಿ ಎಂದ. ಶಿನೋ ಫೋನನ್ನು ನನ್ನ ಕೈಗೆ ಕೊಟ್ಟಳು. ಅವನಿಗೆ ನಾನೂ ಒಂದು ಮಾತು ಹೇಳಬೇಕಿತ್ತು, ಹೇಳಿದೆ. ಇಲ್ಲಿ ಬರೆಯುವಂಥ ಮಾತಲ್ಲ.

ಜುಲೈನಲ್ಲಿ ಕಾರ್ಖಾನೆಯ ಒಬ್ಬ ಅಧಿಕಾರಿ ದುಬಾರಿ ಕರಬೂಜದ ಪೆಟ್ಟಿಗೆ ಹಿಡಿದುಕೊಂಡು ಫುಮಿಯ ಮನೆಗೆ ಬಂದನಂತೆ. ಆ ಕಾಲದ ಕಾಗದಪತ್ರಗಳು ಯಾವುವೂ ಉಳಿದಿಲ್ಲ, ವಿಷಾದಿಸುತ್ತೇವೆ ಎಂದನಂತೆ. ಫುಮಿ ಪೆಟ್ಟಿಗೆಯನ್ನು ಅವನ ಕಾರಿನ ಬಾನೆಟ್ಟಿನ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಮಾರನೆಯ ದಿನದಿಂದ ಅವಳೂ, ಹೂವು ಬಿಟ್ಟು ಎದ್ದು ನಿಂತಿದ್ದ ಆ ಮುದುಕಿ ತೊಮೆಯೂ ಊರಿನ ಮನೆ ಮನೆ ತಿರುಗಿ ಹೆಸರು ಬರೆಸಿಕೊಳ್ಳತೊಡಗಿದರು. ಯಾರ ಕೈ, ಯಾವ ವರ್ಷ, ಯಾವ ಯಂತ್ರ. ಹದಿನಾಲ್ಕು ಹೆಸರು ಸಿಕ್ಕವು. ಅದರಲ್ಲಿ ಐದು ಜನ ತೀರಿಹೋಗಿದ್ದರು. ಆ ಪಟ್ಟಿಯನ್ನು ಪುರಸಭೆಗೆ ಕೊಟ್ಟರು, ಪತ್ರಿಕೆಗೆ ಕೊಟ್ಟರು. ಪತ್ರಿಕೆಯವರು ಒಳಪುಟದಲ್ಲಿ ಅಂಗೈಯಗಲ ಜಾಗ ಕೊಟ್ಟರು. ಕಾಜಿಟಾನಿಯಿಂದ ಇವತ್ತಿಗೂ ಉತ್ತರವಿಲ್ಲ.

ಹಾಡನ್ನು ಅದರ ಹಳೆಯ ಹೆಸರಲ್ಲೇ ಹೊಸದಾಗಿ ರೆಕಾರ್ಡ್ ಮಾಡಲು ನಾವು ಆ ಚಳಿಗಾಲ ಸಪ್ಪೊರೊದ ಸಣ್ಣ ಸ್ಟುಡಿಯೋ ಒಂದನ್ನು ಹಿಡಿದೆವು. ಎರಡನೆಯ ದಿನ ಫುಮಿ ಬಸ್ಸು ಹತ್ತಿ ಬಂದಳು, ತೊಮೆಯನ್ನೂ ಕರೆತಂದಿದ್ದಳು. ಗಾಜಿನ ಆಚೆ ಕೂತು ಒಂದು ಸಲ ಪೂರ್ತಿ ಕೇಳಿದರು. ಮುಗಿದ ಮೇಲೆ ಫುಮಿ ಎದ್ದು ಒಳಗೆ ಬಂದಳು, ನನ್ನ ಮುಂದೆ.

“ಕಾರ್ಖಾನೇಲಿ ಆ ಯಂತ್ರ ಹೀಗೆ ಹೊಡೀತಿರ್ಲಿಲ್ಲ.”

“ಹೇಗೆ ಹೊಡೀತಿತ್ತು ಅಮ್ಮಾ?”

ಅವಳು ಬೆಂಚಿನ ಮೇಲೆ ಎಡಗೈಯಿಂದಲೇ ಬಡಿದು ತೋರಿಸಿದಳು. ಎರಡು ಬಿಗಿ ಪೆಟ್ಟು, ಒಂದು ಸಣ್ಣ ತಡೆ, ಮತ್ತೆ ಒಂದು. ಆ ತಡೆಯಲ್ಲೇ ಮೀನು ತಳ್ಳಬೇಕು ಎಂದಳು ತೊಮೆ. ನಾನು ಬಾರಿಸಿದೆ. ತಪ್ಪು ಎಂದರು ಇಬ್ಬರೂ. ಮತ್ತೆ ಬಾರಿಸಿದೆ. ನಿಧಾನ ಆಯ್ತು, ಮೇಸ್ತ್ರಿ ನಿನ್ನ ಬೈತಾನೆ ಎಂದು ತೊಮೆ ರೇಗಿಸಿದಳು. ಶಿನೋ ಗೋಡೆಗೆ ಒರಗಿ ನಿಂತು ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಅಂಗಿಯೊಳಗೆ ಬೆವರು ಇಳಿಯುವವರೆಗೂ ಆ ಮುದುಕಿಯರು ನನ್ನನ್ನು ಬಿಡಲಿಲ್ಲ.